ವಸಡು ಊದುವುದೇಕೆ?

ಹಲ್ಲುಜ್ಜುವಾಗ ರಕ್ತ ಕಂಡೊಡನೆ ಆ ಭಾಗವನ್ನು ಮುಟ್ಟದೆ ಬಿಡುವುದು ಅನೇಕರ ರೂಢಿ. ವಸಡಿನ ಊತ ಬಲಿಯುವುದು ಬಹುಮಟ್ಟಿಗೆ ಈ ಅಂಜಿಕೆಯಿಂದಲೇ. ಹಲ್ಲು ವಸಡನ್ನು ಕೂಡುವ ಅಂಚಿನಲ್ಲಿ ಸೂಕ್ಷ್ಮಜೀವಿಗಳ ಅಂಟುಪೊರೆಯೊಂದು ನಿತ್ಯವೂ ಕಟ್ಟಿಕೊಳ್ಳುತ್ತದೆ. ಅದನ್ನೆದುರಿಸಲು ದೇಹವು ಅಲ್ಲಿಗೆ ರಕ್ತಪ್ರವಾಹವನ್ನು ಹೆಚ್ಚಿಸುವುದರಿಂದ ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ನಡೆಸಿ, 1965ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನು ಸ್ಪಷ್ಟಪಡಿಸಿತು. ಆರೋಗ್ಯವಂತರಾದ 12 ಮಂದಿ, ಅವರಲ್ಲಿ ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳೇ, ದಂತಧಾವನವನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡುಗಳೂ ಉರಿಯೂತಕ್ಕೊಳಗಾದವು. ಮತ್ತೆ ಉಜ್ಜತೊಡಗಿದ ಮೇಲೆ ವಾರವೊಂದರ ಸುಮಾರಿಗೆ ಗುಣವಾದವು. ಗುರುಗಳ ಪ್ರಯೋಗಕ್ಕೆ ಶಿಷ್ಯರು ಬಾಯಿಯನ್ನೇ ಒಪ್ಪಿಸಿದ ಉದಾಹರಣೆಯಿದು!

ಪೊರೆಯು ಗಟ್ಟಿಯಾಗಿ ಕಿಟ್ಟವಾದರೆ ಮಾತ್ರ ಬ್ರಷ್ಷಿನ ಆಟ ನಡೆಯದು. ಅದನ್ನು ದಂತವೈದ್ಯರೇ ಕೆರೆದು ತೆಗೆಯಬೇಕು.

ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರಿಕೆಯಿಂದಲೂ, ಮಧುಮೇಹಿಗಳಲ್ಲಿ ರೋಗನಿರೋಧಕ ಶಕ್ತಿ ಕುಂದುವುದರಿಂದಲೂ ಊತ ಹೆಚ್ಚುತ್ತದೆ. 'ಸಿ' ಜೀವಸತ್ವದ ತೀವ್ರ ಕೊರತೆಯಿಂದ ಬರುವ ಸ್ಕರ್ವಿಯಲ್ಲಿ ವಸಡು ಮೆದುವಾಗಿ ರಕ್ತ ಒಸರುವುದು. ಧೂಮಪಾನಿಗಳ ಸ್ಥಿತಿ ಇನ್ನೂ ವಂಚಕವಾದುದು: ಒಳಗೆ ರೋಗವಿದ್ದರೂ ರಕ್ತಸ್ರಾವ ಕಡಿಮೆಯಾಗಿರುವುದರಿಂದ ಅದು ಗಮನಕ್ಕೇ ಬರುವುದಿಲ್ಲ.

ಶಿಕ್ಷಕರು ಅರಿತಿರಬೇಕಾದ ಇನ್ನೊಂದು ಕಾರಣವುಂಟು. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಔಷಧದಿಂದ ಕೆಲವು ಮಕ್ಕಳ ವಸಡು ಹಲ್ಲನ್ನೇ ಮುಚ್ಚುವಷ್ಟು ಬೆಳೆಯಬಹುದು. ಇದನ್ನು ಕಂಡು ಗಾಬರಿಗೊಂಡ ತಂದೆತಾಯಿಗಳು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಸೆಳವು ಮರುಕಳಿಸಿ ಪ್ರಾಣಕ್ಕೇ ಅಪಾಯವಾದೀತು. ಬದಲಿ ಔಷಧವನ್ನು ನಿರ್ಧರಿಸತಕ್ಕವರು ವೈದ್ಯರು. ಅಲ್ಲಿಯವರೆಗೆ ಮಾತ್ರೆಯೂ ನಡೆಯಬೇಕು, ಹಲ್ಲುಜ್ಜುವುದೂ ನಡೆಯಬೇಕು.