ಬಿಸಿಲಿಗೆ ಬಾಡಿಗೆ ಸಿಗುತ್ತೆ, ಯಾರ ಹೆಸರಿಗೆ?

"ಸೋಲಾರ್‌ನೋರು ಬಂದವ್ರೆ ಕಣಪ್ಪ. ಎಕರೆಗೆ ವರ್ಷಕ್ಕೆ ಇಪ್ಪತ್ತೈದು ಸಾವಿರ ಕೊಡ್ತೀವಿ ಅಂತವ್ರೆ. ರುಜು ಹಾಕ್ಲಾ, ಬ್ಯಾಡ್ವಾ?"

ಗುಬ್ಬಿ ತಾಲ್ಲೂಕಿನ ನಮ್ಮೂರಿನಿಂದ ದೊಡ್ಡಪ್ಪನ ಫೋನ್. ರಾತ್ರಿ ಬುಲೆಟಿನ್ ಮುಗಿಸಿ ಆಗ ತಾನೇ ಸ್ಟುಡಿಯೋದಿಂದ ಹೊರಗೆ ಬಂದಿದ್ದೆ. ಅವತ್ತೇ ನಾನು ಸೌರಶಕ್ತಿಯಲ್ಲಿ ಕರ್ನಾಟಕ ಎಷ್ಟು ಮುಂದಿದೆ ಅಂತ ಗ್ರಾಫಿಕ್ಸ್ ಹಾಕಿಸಿ ಅರ್ಧ ಗಂಟೆ ಮಾತಾಡಿದ್ದೆ. ದೊಡ್ಡಪ್ಪ ಅದನ್ನು ನೋಡಿಯೇ ಫೋನ್ ಮಾಡಿದ್ದು. "ಇಂಜಿನಿಯರಿಂಗ್ ಓದಿದೋನು ನೀನು, ಟಿವೀಲಿ ಊರಿಗೆಲ್ಲಾ ಹೇಳ್ತೀಯ. ಈಗ ನಂಗೆ ಹೇಳು" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಎರಡು ದಿನ ಟೈಮ್ ಕೊಡಿ ದೊಡ್ಡಪ್ಪ ಅಂದೆ.

ಆ ಎರಡು ದಿನ ನಾನು ಹಾಕಿದ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಇಡ್ತಾ ಇದ್ದೀನಿ. ಯಾಕೆಂದರೆ ಗುಬ್ಬಿ, ಕುಣಿಗಲ್, ತುಮಕೂರಿನ ಸುತ್ತಮುತ್ತ ಈ ಪ್ರಶ್ನೆ ಕೇಳ್ತಿರೋದು ನಮ್ಮ ದೊಡ್ಡಪ್ಪ ಒಬ್ಬರೇ ಅಲ್ಲ.

ತುಮಕೂರು ಜಿಲ್ಲೆಯಲ್ಲಿ ಸೋಲಾರ್ ಅಂದ ತಕ್ಷಣ ಎಲ್ಲರೂ ಕೈ ತೋರಿಸೋದು ಪಾವಗಡದ ಕಡೆಗೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಹೆಸರು ಶಕ್ತಿ ಸ್ಥಳ. 2018ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು, 2019ರ ಕೊನೆಗೆ ಪೂರ್ತಿಯಾಯಿತು. ಜಗತ್ತಿನ ದೊಡ್ಡ ಸೋಲಾರ್ ಪಾರ್ಕ್‌ಗಳ ಸಾಲಿನಲ್ಲಿ ಅದರ ಹೆಸರು ಬರುತ್ತೆ.

ಅಲ್ಲಿ ಮಾಡಿದ ಒಂದು ಕೆಲಸವನ್ನು ನಾನು ಮೆಚ್ಚಿಕೊಳ್ತೀನಿ. ಸರ್ಕಾರ ಜಮೀನು ಸ್ವಾಧೀನ ಮಾಡಿಕೊಳ್ಳಲಿಲ್ಲ. ರೈತರ ಹೆಸರಲ್ಲೇ ಜಮೀನು ಉಳಿಸಿ, ಕಾಲು ಶತಮಾನಕ್ಕೂ ಮೀರಿದ ಅವಧಿಗೆ ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಹೆಚ್ಚಳ. ಮಧ್ಯದಲ್ಲಿ ದಲ್ಲಾಳಿ ಇಲ್ಲ, ರಾಜ್ಯ ಮತ್ತು ಕೇಂದ್ರದ ಸಂಸ್ಥೆಗಳು ಸೇರಿ ಕಟ್ಟಿದ ಸರ್ಕಾರಿ ನಿಗಮವೇ ಗುತ್ತಿಗೆದಾರ. ಪಾವಗಡ ಎಂಥಾ ತಾಲ್ಲೂಕು ಅಂತ ನಿಮಗೆ ಗೊತ್ತು. ಮಳೆ ಇಲ್ಲ, ಬೋರ್ ಕೊರೆಸಿದರೆ ನೀರಿಲ್ಲ, ನೀರು ಬಂದರೆ ಅದರಲ್ಲಿ ಫ್ಲೋರೈಡ್. ಕಡಲೆಕಾಯಿ ಬಿತ್ತಿ ಬೀಜದ ದುಡ್ಡೂ ವಾಪಸ್ ಬರದೆ ಬೆಂಗಳೂರಿಗೆ ಗುಳೆ ಹೋದ ಮನೆಗಳು ಎಷ್ಟೋ. ಅಂಥ ಜಾಗದಲ್ಲಿ ಬಿತ್ತದೇ, ಬೆಳೆಯದೇ ವರ್ಷಕ್ಕೆ 21,000 ಬರುತ್ತೆ ಅಂದರೆ ಯಾರು ಬೇಡ ಅಂತಾರೆ?

ಈಗ ಲೆಕ್ಕ. 2,050 ಮೆಗಾವ್ಯಾಟ್‌ಗೆ 13,000 ಎಕರೆ ಅಂದರೆ ಒಂದು ಮೆಗಾವ್ಯಾಟ್‌ಗೆ ಆರು ಎಕರೆಗಿಂತ ಸ್ವಲ್ಪ ಹೆಚ್ಚು. ರಸ್ತೆ, ಸಬ್‌ಸ್ಟೇಷನ್, ಲೈನ್ ಎಲ್ಲಾ ಸೇರಿ. ನಮ್ಮ ಬಿಸಿಲಿಗೆ ಒಂದು ಮೆಗಾವ್ಯಾಟ್ ಪ್ಲಾಂಟ್ ವರ್ಷಕ್ಕೆ ಹೆಚ್ಚು ಕಡಿಮೆ 16 ಲಕ್ಷ ಯೂನಿಟ್ ಕೊಡುತ್ತೆ. ಅಂದರೆ ಒಂದು ಎಕರೆಯಿಂದ ವರ್ಷಕ್ಕೆ ಎರಡೂವರೆ ಲಕ್ಷ ಯೂನಿಟ್. ತಿಂಗಳಿಗೆ 100 ಯೂನಿಟ್ ಉರಿಸುವ 200 ಮನೆಗೆ ಅದು ಸಾಕು. ಯೂನಿಟ್‌ಗೆ ಮೂರೇ ರೂಪಾಯಿ ಹಿಡಿದರೂ ಒಂದು ಎಕರೆಯ ಕರೆಂಟು ಏಳೂವರೆ ಲಕ್ಷ ರೂಪಾಯಿ. ಅದರಲ್ಲಿ ಜಮೀನಿನವರಿಗೆ 21,000. ನೂರು ರೂಪಾಯಿಗೆ ಮೂರು ರೂಪಾಯಿಯೂ ಇಲ್ಲ!

ಇದನ್ನು ಕೇಳಿ ತಕ್ಷಣ "ಲೂಟಿ" ಅಂತ ಕೂಗಬೇಡಿ. ಒಂದು ಮೆಗಾವ್ಯಾಟ್ ಹಾಕೋಕೆ ಸುಮಾರು ನಾಲ್ಕು ಕೋಟಿ ಬಂಡವಾಳ ಬೇಕು. ಅದರ ಬಡ್ಡಿ, ಪ್ಯಾನೆಲ್ ತೊಳೆಯೋದು, ಇನ್ವರ್ಟರ್ ಕೆಟ್ಟರೆ ಬದಲಾಯಿಸೋದು ಎಲ್ಲಾ ಕಂಪನಿ ತಲೆ ಮೇಲೆ. ಏಳೂವರೆ ಲಕ್ಷ ಲಾಭ ಅಲ್ಲ, ವ್ಯಾಪಾರ. ಆದರೂ ಬಾಡಿಗೆ ಚೌಕಾಸಿಗೆ ಕೂತಾಗ ಈ ಅಂಕಿ ಜಮೀನಿನವರ ತಲೆಯಲ್ಲಿ ಇರಬೇಕಲ್ವಾ? ನಮ್ಮ ದೊಡ್ಡಪ್ಪನಿಗೆ ಗೊತ್ತಿರಲಿಲ್ಲ. ನಿಜ ಹೇಳ್ತೀನಿ, ಅವತ್ತು ಕೂತು ಲೆಕ್ಕ ಹಾಕೋವರೆಗೂ ನನಗೂ ಗೊತ್ತಿರಲಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಎರಡು ವರ್ಷಕ್ಕೊಮ್ಮೆ ಶೇಕಡ 5 ಅಂದರೆ 21,000 ಅನ್ನೋದು 25ನೇ ವರ್ಷಕ್ಕೆ ಸುಮಾರು 37,700 ಆಗುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಪದಾರ್ಥಗಳ ಬೆಲೆ ವರ್ಷಕ್ಕೇ ಶೇಕಡ 5 ಏರುತ್ತೆ ಅಂತ ಇಟ್ಟುಕೊಳ್ಳಿ. ಆಗ ಆ 37,700ಕ್ಕೆ ಮೊದಲನೇ ವರ್ಷದ 11,700 ರೂಪಾಯಿಯ ಬೆಲೆ ಮಾತ್ರ. ಕಾಗದದ ಮೇಲೆ ಬಾಡಿಗೆ ಏರ್ತಾ ಹೋಗುತ್ತೆ, ಸಂತೆಯಲ್ಲಿ ಇಳೀತಾ ಹೋಗುತ್ತೆ.

ಇದೆಲ್ಲಾ ಜಮೀನು ಇದ್ದವರ ಕಥೆ. ಜಮೀನು ಇಲ್ಲದವರು?

ಬಾಡಿಗೆ ಬರೋದು ಪಹಣಿಯಲ್ಲಿ ಯಾರ ಹೆಸರಿದೆಯೋ ಅವರಿಗೆ. ಹತ್ತು ಎಕರೆ ಇದ್ದವರಿಗೆ ಎರಡು ಲಕ್ಷದ ಮೇಲೆ. ಅದೇ ಹೊಲದಲ್ಲಿ ಕಳೆ ಕೀಳ್ತಿದ್ದ, ಕಡಲೆಕಾಯಿ ಬಿಡಿಸ್ತಿದ್ದ ಹೆಣ್ಣುಮಕ್ಕಳಿಗೆ ಸೊನ್ನೆ. ವಾರಕ್ಕೆ ಮಾಡ್ತಿದ್ದವರಿಗೆ ಸೊನ್ನೆ. ಕುರಿ ಮೇಯಿಸ್ತಿದ್ದವರಿಗೆ ಬೇಲಿ ಬಿತ್ತು, ಮಂದೆ ಮಾರಿದರು. ಪಾರ್ಕ್ ಕಟ್ಟುವಾಗ ಸಾವಿರಾರು ಜನಕ್ಕೆ ಕೂಲಿ ಸಿಕ್ಕಿದ್ದು ನಿಜ. ಕಟ್ಟಿ ಮುಗಿದ ಮೇಲೆ ಉಳಿದದ್ದು ಹುಲ್ಲು ಕೀಳೋದು, ಪ್ಯಾನೆಲ್ ಒರೆಸೋದು, ಗೇಟಲ್ಲಿ ಕಾಯೋದು. ಇಷ್ಟು ದೊಡ್ಡ ಕಾರ್ಖಾನೆ ಇಷ್ಟು ಕಡಿಮೆ ಜನರಿಂದ ನಡೆಯೋದು ಬೇರೆ ಯಾವ ಕಸುಬಲ್ಲೂ ಇಲ್ಲ ಅನ್ನಿಸುತ್ತೆ.

ಜಮೀನಿದ್ದವರಲ್ಲೂ ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇರುತ್ತೆ, ಪೌತಿ ಖಾತೆ ಆಗಿರಲ್ಲ. ಅಣ್ಣ ತಮ್ಮಂದಿರು ಬಾಯಿ ಮಾತಲ್ಲಿ ಭಾಗ ಮಾಡಿಕೊಂಡಿರ್ತಾರೆ. ಬಗರ್ ಹುಕುಂ ಅರ್ಜಿ ಹಾಕಿ ಸಾಗುವಳಿ ಚೀಟಿಗೆ ವರ್ಷಗಟ್ಟಲೆ ಕಾಯ್ತಿರೋರು ಬೇರೆ. ಉಳುಮೆ ಮಾಡುವಾಗ ಈ ಕಾಗದ ಯಾರೂ ಕೇಳಲ್ಲ. ಸೋಲಾರ್ ಬಂದ ದಿನ ಮೊದಲು ಕೇಳೋದೇ ಅದನ್ನ.

ಒಂದು ಸಣ್ಣ ಮಾತು ಇಲ್ಲೇ ಹೇಳಿಬಿಡ್ತೀನಿ. ಪ್ಯಾನೆಲ್ ಹಾಕಿದರೆ ಮೋಡ ಓಡಿಹೋಗುತ್ತೆ, ಮಳೆ ಬರಲ್ಲ ಅಂತ ಎಷ್ಟೋ ಊರಲ್ಲಿ ಹೇಳ್ತಾರೆ. ಪಾವಗಡದಲ್ಲಿ ಮಳೆ ಕೈ ಕೊಡ್ತಿದ್ದದ್ದು ಪ್ಯಾನೆಲ್ ಬರೋಕೆ ಎಷ್ಟೋ ಮೊದಲಿಂದ. ಆದರೆ ಸೆಖೆ ಜಾಸ್ತಿ ಆಗಿದೆ ಅಂತ ಜನ ಹೇಳಿದರೆ ನಗಬೇಡಿ. ಪ್ಯಾನೆಲ್ ಮೇಲೆ ಬಿದ್ದ ಬಿಸಿಲಲ್ಲಿ ಐದನೇ ಒಂದು ಭಾಗ ಕರೆಂಟಾದರೆ ಹೆಚ್ಚು, ಉಳಿದದ್ದರಲ್ಲಿ ಬಹುಪಾಲು ಶಾಖ. ಅಮೆರಿಕದ ಅರಿಜೋನಾದಲ್ಲಿ ಅಳತೆ ಮಾಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಾತ್ರಿ ಹೊತ್ತು ಪ್ಲಾಂಟ್ ಒಳಗೆ ಪಕ್ಕದ ಬಯಲಿಗಿಂತ 3ರಿಂದ 4 ಡಿಗ್ರಿ ಹೆಚ್ಚು ಬಿಸಿ ಕಂಡಿತ್ತು.

ಈಗ ಪಾವಗಡ ಬಿಟ್ಟು ಗುಬ್ಬಿಗೆ ಬನ್ನಿ. ಜಿಲ್ಲೆ ಒಂದೇ, ನೆಲ ಬೇರೆ. ಹೇಮಾವತಿ ನಾಲೆ ಇದೆ, ಕೆರೆಗಳಿವೆ, ತೆಂಗು ಇದೆ, ಅಡಿಕೆ ಇದೆ. ಕುಣಿಗಲ್ ಕಡೆ ದೊಡ್ಡಕೆರೆ ಕೆಳಗೆ ಭತ್ತ, ಮೇಲೆ ರಾಗಿ. ಲಿಂಕ್ ಕೆನಾಲ್ ವಿಚಾರದಲ್ಲಿ ಗುಬ್ಬಿಯವರು ಒಂದು ಕಡೆ, ಕುಣಿಗಲ್‌ನವರು ಇನ್ನೊಂದು ಕಡೆ ನಿಂತು ಜಗಳ ಆಡಿದ್ದು ನೀವೇ ನಮ್ಮ ಚಾನೆಲ್‌ನಲ್ಲಿ ನೋಡಿದ್ದೀರಿ. ಆ ಜಗಳ ಆಗಿದ್ದೇ ಅಲ್ಲಿ ಬೆಳೆ ಇದೆ, ಬೆಳೆಗೆ ನೀರು ಬೇಕು ಅಂತ.

ನಮ್ಮ ದೊಡ್ಡಪ್ಪನಿಗೆ ನಾಲ್ಕು ಎಕರೆ. ಒಂದೂವರೆ ತೆಂಗಿನ ತೋಟ, ಎರಡೂವರೆ ರಾಗಿ ಹೊಲ. ಎಕರೆಗೆ 45 ತೆಂಗಿನ ಮರ, ಮರಕ್ಕೆ ವರ್ಷಕ್ಕೆ 60 ಕಾಯಿ, ಕಾಯಿಗೆ 15 ರೂಪಾಯಿ ಅಂತ ಹಿಡಿದರೂ 40,000 ದಾಟುತ್ತೆ. ಗೊಬ್ಬರ, ಕಾಯಿ ಕೀಳೋ ಕೂಲಿ ಕಳೀಬೇಕು, ನುಸಿ ಬಿದ್ದರೆ, ಕಪ್ಪು ತಲೆ ಹುಳ ಬಂದರೆ ಅದೂ ಇಲ್ಲ. ಆದರೂ ತೋಟ ತೆಗೆದು ಪ್ಯಾನೆಲ್ ಹಾಕಿಸೋದು ಹುಚ್ಚುತನ. ಒಂದು ಸಲ ಕಡಿದ ತೋಟ ಮತ್ತೆ ಫಲಕ್ಕೆ ಬರೋಕೆ ಆರೇಳು ವರ್ಷ. ರಾಗಿ ಹೊಲದ ಮಾತು ಬೇರೆ. ಒಳ್ಳೆ ಮಳೆಯಾದರೆ ಎಕರೆಗೆ ಎಂಟು ಹತ್ತು ಕ್ವಿಂಟಲ್. 2024-25ರ ಬೆಂಬಲ ಬೆಲೆ 4,290 ರೂಪಾಯಿ, ಹತ್ತು ಕ್ವಿಂಟಲ್‌ಗೆ 42,900, ಖರ್ಚು ಕಳೆಯದೆ. 2023ರಂಥ ಬರ ಬಂದರೆ? ದನಕ್ಕೆ ಹುಲ್ಲೂ ಇಲ್ಲ. ಹಾಗಾಗಿ ಎರಡೂವರೆ ಎಕರೆ ಹೊಲದ ಮೇಲೆ ಖಚಿತವಾದ ಬಾಡಿಗೆ ಬರುತ್ತೆ ಅನ್ನೋ ಆಸೆ ತಪ್ಪಲ್ಲ. ವಯಸ್ಸು ಎಪ್ಪತ್ತು, ಮಕ್ಕಳು ಬೆಂಗಳೂರಲ್ಲಿ, ಆಳು ಸಿಗಲ್ಲ. ಅವರನ್ನು "ಅನ್ನದಾತ, ಭೂಮಿ ತಾಯಿ" ಅಂತ ಸ್ಟುಡಿಯೋದಲ್ಲಿ ಕೂತು ತಡೆಯೋಕೆ ನಾನ್ಯಾರು?

ಸೋಲಾರನ್ನು ಸಾರಾಸಗಟಾಗಿ ಬೇಡ ಅನ್ನೋರಿಗೂ ಒಂದು ಮಾತು. ನಮ್ಮ ರೈತರು ಅರ್ಧರಾತ್ರಿ ಟಾರ್ಚ್ ಹಿಡಿದು ಮೋಟರ್ ಆನ್ ಮಾಡೋಕೆ ಹೋಗ್ತಾರೆ, ಹಾವು ಚೇಳಿನ ಮಧ್ಯೆ. ಹಗಲು ತ್ರೀ ಫೇಸ್ ಕೊಡಿ ಅಂತ ಎಷ್ಟು ವರ್ಷದಿಂದ ಕೇಳ್ತಿದ್ದಾರೆ! 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆಯ ಸಿ ವಿಭಾಗ ಇರೋದೇ ಅದಕ್ಕೆ. ಊರ ಹತ್ತಿರದ ಸಬ್‌ಸ್ಟೇಷನ್‌ಗೆ ಸಣ್ಣ ಸೋಲಾರ್ ಪ್ಲಾಂಟ್ ಜೋಡಿಸಿ, ಪಂಪ್‌ಸೆಟ್ ಫೀಡರ್‌ಗೆ ಹಗಲಲ್ಲೇ ಕರೆಂಟು. ಗುಬ್ಬಿ, ಕುಣಿಗಲ್‌ಗೆ ಬೇಕಾಗಿರೋದು ಇದು, ಇನ್ನೊಂದು 13,000 ಎಕರೆಯ ಪಾರ್ಕ್ ಅಲ್ಲ. ಆದರೆ ಇದಕ್ಕೆ ಜಾಗ ಹುಡುಕುವಾಗ ಕಣ್ಣು ಮೊದಲು ಬೀಳೋದು ಗೋಮಾಳದ ಮೇಲೆ. ಸರ್ಕಾರಿ ಜಾಗ, ಯಾರ ರುಜುವೂ ಬೇಡ. ಕುಣಿಗಲ್‌ನ ಒಬ್ಬ ವೀಕ್ಷಕರು ನನಗೆ ಕೇಳಿದರು: "ಸಾರ್, ನಮ್ಮೂರ ಹಸುಗಳು ಎಲ್ಲಿ ಮೇಯಬೇಕು, ಅದನ್ನೂ ಗ್ರಾಫಿಕ್ಸ್‌ನಲ್ಲಿ ತೋರಿಸ್ತೀರಾ?" ತೋರಿಸಬೇಕಿತ್ತು, ತೋರಿಸಿರಲಿಲ್ಲ.

ಬೇರೆ ದಾರಿ ಇಲ್ಲ ಅಂತೇನಿಲ್ಲ. ಗುಜರಾತ್‌ನ ಮೆಹ್ಸಾನಾ ಜಿಲ್ಲೆಯ ಚಂದ್ರಾಸಣದಲ್ಲಿ 2012ರಲ್ಲೇ ನರ್ಮದಾ ಕಾಲುವೆ ಮೇಲೆ ಪ್ಯಾನೆಲ್ ಹೊದಿಸಿ ಒಂದು ಮೆಗಾವ್ಯಾಟ್ ಮಾಡಿದರು. ಜಮೀನು ಬೇಡ, ನೀರು ಆವಿಯಾಗೋದೂ ಕಡಿಮೆ. ಕಬ್ಬಿಣದ ಖರ್ಚು ಜಾಸ್ತಿ, ನಾಲೆ ಹೂಳು ತೆಗೆಯೋದು ಕಷ್ಟ, ಅದೂ ನಿಜ. ಜಪಾನ್ 2013ರಿಂದ ಇನ್ನೊಂದು ದಾರಿ ಹಿಡಿದಿದೆ. ಪ್ಯಾನೆಲ್‌ಗಳನ್ನು ಎತ್ತರದ ಕಂಬದ ಮೇಲೆ ಹಾಕಿ, ಕೆಳಗೆ ಬೆಳೆ ಮುಂದುವರಿಸಬೇಕು. ಆ ಭಾಗದ ಸರಾಸರಿ ಇಳುವರಿಯ ಶೇಕಡ 80ಕ್ಕಿಂತ ಕಡಿಮೆಯಾಗಬಾರದು ಅನ್ನೋ ಷರತ್ತು. ನಮ್ಮ ಕುಸುಮ್ ಎ ವಿಭಾಗದಲ್ಲೂ ಬೆಳೆ ಇರೋ ಜಮೀನಾದರೆ ಹೀಗೆ ಎತ್ತರಿಸಿ ಹಾಕಿ ಅಂತಿದೆ. ಮನೆಗೆ ಬಂದ ಏಜೆಂಟ್ ಇದನ್ನು ಹೇಳಿದನಾ ಅಂತ ದೊಡ್ಡಪ್ಪನನ್ನು ಕೇಳಿದೆ. ಇಲ್ಲ.

ಕೊನೆಗೆ ಕಾಗದದ ವಿಷಯ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಹಾಗಾಗಿ ಮೊದಲು ನೋಡಬೇಕಾದ್ದು ಇದು ಗುತ್ತಿಗೆಯಾ, ಕ್ರಯಕ್ಕೆ ಕರಾರಾ ಅಂತ. ಆಮೇಲೆ, ಕಂಪನಿ ಇದನ್ನು ಇನ್ನೊಬ್ಬರಿಗೆ ದಾಟಿಸಬಹುದಾ? ನಿಮ್ಮ ಜಮೀನಿನ ಮೇಲೆ ಅವರು ಬ್ಯಾಂಕ್ ಸಾಲ ಎತ್ತಬಹುದಾ? ಬಾಡಿಗೆ ತಡವಾದರೆ ಬಡ್ಡಿ ಇದೆಯಾ? ರುಜು ಹಾಕಿ ಪ್ಲಾಂಟೇ ಬರದಿದ್ದರೆ ಎಷ್ಟು ದಿನಕ್ಕೆ ಕರಾರು ಬಿದ್ದುಹೋಗುತ್ತೆ? ಅವಧಿ ಮುಗಿದ ಮೇಲೆ ನೆಲದಲ್ಲಿ ಹೂತ ಕಬ್ಬಿಣ, ಕಾಂಕ್ರೀಟ್ ಯಾರು ಕೀಳಬೇಕು, ಯಾರ ಖರ್ಚಲ್ಲಿ? ಭೂಪರಿವರ್ತನೆ ಆದ ಜಮೀನು ಮತ್ತೆ ಕೃಷಿ ಜಮೀನು ಆಗೋದು ಹೇಗೆ? ನನ್ನ ಮಟ್ಟಿಗೆ ಈ ಕೊನೆ ಎರಡು ಪ್ರಶ್ನೆ, ಬಾಡಿಗೆ ಎಷ್ಟು ಅನ್ನೋದಕ್ಕಿಂತ ದೊಡ್ಡವು. ಯಾಕೆಂದರೆ ಆ ದಿನ ಉತ್ತರ ಕೇಳೋಕೆ ದೊಡ್ಡಪ್ಪ ಇರಲ್ಲ, ಅವರ ಮೊಮ್ಮಗ ಇರ್ತಾನೆ.

ಎರಡು ದಿನ ಬಿಟ್ಟು ಫೋನ್ ಮಾಡಿದೆ. ತೋಟ ಮುಟ್ಟಬೇಡಿ, ಹೊಲದ ವಿಷಯಕ್ಕೆ ಮೊದಲು ಕರಾರು ಪತ್ರ ಕನ್ನಡದಲ್ಲಿ ತರಿಸಿಕೊಳ್ಳಿ, ಗುಬ್ಬಿಯಲ್ಲಿ ಒಬ್ಬ ವಕೀಲರ ಹತ್ತಿರ ಓದಿಸಿ ಅಂದೆ. "ಕೇಳ್ದೆ ಕಣಪ್ಪ, ಇಂಗ್ಲಿಷಲ್ಲೇ ಐತಂತೆ. ಕನ್ನಡದ್ದು ಬರೆಸ್ಕೊಂಡು ಬರ್ತೀನಿ ಅಂದವ್ನೆ ಆ ಹುಡುಗ" ಅಂದರು. ಅದಾಗಿ ಐದು ವಾರ ಆಯ್ತು. ಹುಡುಗ ಇನ್ನೂ ಬಂದಿಲ್ಲ. ಪಕ್ಕದ ಹೊಲದವರು ಇಂಗ್ಲಿಷ್ ಪತ್ರಕ್ಕೇ ರುಜು ಹಾಕಿದ್ದಾರೆ ಅಂತ ಮೊನ್ನೆ ಗೊತ್ತಾಯಿತು.