ಕಾಗದ ಕಡಿಮೆಯಾಯಿತು, ಟಪಾಲಿನ ಕೆಲಸ ಹೆಚ್ಚಿತು

‘ಹೆಬ್ಬಟ್ಟ ಹತ್ತವಲ್ದು’ ಎಂಬ ಮಾತು ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಲ್ಲಿ ಯಾರಿಗೂ ಹೊಸದಲ್ಲ. ಪಿಂಚಣಿಯನ್ನೋ ಗೃಹಲಕ್ಷ್ಮಿ ರೊಕ್ಕವನ್ನೋ ಬಿಡಿಸಿಕೊಳ್ಳಲು ಬಂದ ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿ ಸಣ್ಣ ಯಂತ್ರದ ಗಾಜಿಗೆ ಒತ್ತುತ್ತಾಳೆ. ಯಂತ್ರ ಒಪ್ಪುವುದಿಲ್ಲ. ಕಳೆ ಕಿತ್ತು, ಜೋಳ ಕೊಯ್ದು ಗೆರೆ ಸವೆದ ಬೆರಳು ಅದು. ‘ಇನ್ನೊಂದ್ ಬಟ್ಟ ಹಚ್ಚಬೇ’ ಎನ್ನುತ್ತಾನೆ ಪೋಸ್ಟ್ ಮಾಸ್ತರ. ಎಡಗೈ, ಬಲಗೈ, ಮತ್ತೆ ಎಡಗೈ. ಕಡೆಗೊಮ್ಮೆ ಹತ್ತಿತು ಎನ್ನುವಷ್ಟರಲ್ಲಿ ನೆಟ್‌ವರ್ಕ್ ಹೋಗಿರುತ್ತದೆ.

ಮೊಬೈಲು ಬಂದಮೇಲೆ ಅಂಚೆಗೆ ಏನು ಕೆಲಸ ಎಂದು ಕೇಳುವವರು ಈ ಮಾಸ್ತರನ ಪಕ್ಕದಲ್ಲಿ ಅರ್ಧ ತಾಸು ಕೂಡ್ರಬೇಕು. ಕಾಗದ ಬರೆಯುವವರು ಕಡಿಮೆಯಾಗಿದ್ದಾರೆ, ನಿಜ. 2013ರ ಜುಲೈನಲ್ಲಿ ತಂತಿ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಡೆನ್ಮಾರ್ಕ್‌ನ ಅಂಚೆ ಸಂಸ್ಥೆಯಂತೂ ನಾಲ್ಕು ನೂರು ವರ್ಷಗಳ ಕಾಗದ ಬಟವಾಡೆಯನ್ನು 2025ರ ಕೊನೆಗೆ ಪೂರ್ತಿ ನಿಲ್ಲಿಸಿ, ಪಾರ್ಸೆಲ್ಲನ್ನಷ್ಟೇ ಉಳಿಸಿಕೊಂಡಿತು. ಆ ದಾರಿ ನಮಗೆ ಒಗ್ಗದು. ಅಲ್ಲಿ ಸರ್ಕಾರದ ಪತ್ರಗಳು ಬಹುಪಾಲು ಜನರ ಮೊಬೈಲಿಗೇ ಹೋಗುತ್ತವೆ, ಅವರಿಗೆ ಅದು ರೂಢಿಯಾಗಿದೆ. ನಮ್ಮಲ್ಲಿ ಮೊಬೈಲಿಗೆ ಬಂದ ಸಂದೇಶವನ್ನು ಓದಿ ಹೇಳಲಿಕ್ಕೂ ಒಬ್ಬ ಮನುಷ್ಯ ಬೇಕು. ಎಷ್ಟೋ ಊರುಗಳಲ್ಲಿ ಆ ಮನುಷ್ಯ ಟಪಾಲಿನವನೇ.

ವಿಜಯಪುರಕ್ಕೂ ಟಪಾಲಿಗೂ ಹಳೆಯ ನಂಟು. ಸ್ವತಂತ್ರ ಭಾರತ 1949ರಲ್ಲಿ ಹೊರತಂದ ಸ್ಮಾರಕಗಳ ಅಂಚೆಚೀಟಿ ಸರಣಿಯಲ್ಲಿ ಆರಾಣೆ ಚೀಟಿಯ ಮೇಲೆ ಇದ್ದದ್ದು ಗೋಳಗುಮ್ಮಟ. ಇದೇ ಊರಿನಲ್ಲಿ ವಚನಗಳನ್ನು ಹುಡುಕಿ ಅಚ್ಚುಹಾಕಿಸಿದ ಫ.ಗು. ಹಳಕಟ್ಟಿಯವರು ಸ್ವಂತ ಮುದ್ರಣಾಲಯ ಹಾಕಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ದೂರದ ಚಂದಾದಾರರಿಗೆ ವಚನ ಸಾಹಿತ್ಯ ಮುಟ್ಟಿದ್ದು ಟಪಾಲಿನ ಚೀಲದಲ್ಲೇ. ಅದನ್ನು ನೆನೆದರೆ ಈಚಿನ ಒಂದು ನಿರ್ಧಾರ ಇನ್ನೂ ನೋಯುತ್ತದೆ. ಪುಸ್ತಕಗಳಿಗೆ ಇದ್ದ ಅಗ್ಗದ ನೋಂದಾಯಿತ ಅಂಚೆಯನ್ನು 2024ರ ಡಿಸೆಂಬರ್‌ನಲ್ಲಿ ಸದ್ದಿಲ್ಲದೆ ತೆಗೆದುಹಾಕಲಾಯಿತು. ಮರುವರ್ಷದ ಮೇ ತಿಂಗಳಲ್ಲಿ ‘ಜ್ಞಾನ್ ಪೋಸ್ಟ್’ ಬಂತು, 300 ಗ್ರಾಂವರೆಗೆ 20 ರೂಪಾಯಿ. ಬಂದದ್ದು ಒಳ್ಳೆಯದೇ. ಆದರೆ ನಿಯತಕಾಲಿಕಗಳಿಗೆ ಅದರಲ್ಲಿ ಜಾಗವಿಲ್ಲ. ಇಂದು ಇನ್ನೊಬ್ಬ ಹಳಕಟ್ಟಿ ಹುಟ್ಟಿ ಬಂದರೆ ಆ ಚೀಲ ಅವರಿಗೆ ಅಷ್ಟು ಸುಲಭಕ್ಕೆ ಸಿಗಲಾರದು.

ಅಂಚೆ ಇಲಾಖೆ ಕೈಕಟ್ಟಿ ಕೂತಿಲ್ಲ ಎನ್ನುವುದನ್ನೂ ಹೇಳಬೇಕು. 2018ರ ಸೆಪ್ಟೆಂಬರ್ 1ರಂದು ದೇಶದಾದ್ಯಂತ ಶುರುವಾದ ಅಂಚೆ ಪೇಮೆಂಟ್ಸ್ ಬ್ಯಾಂಕಿನಿಂದ ಟಪಾಲಿನವನೇ ಬ್ಯಾಂಕಾದ. ಯಾವ ಬ್ಯಾಂಕಿನಲ್ಲಿ ಖಾತೆಯಿದ್ದರೂ ಸರಿ, ಅದಕ್ಕೆ ಆಧಾರ್ ಜೋಡಿಸಿದ್ದರೆ ಅವನು ಮನೆಬಾಗಿಲಲ್ಲೇ ರೊಕ್ಕ ಎಣಿಸಿ ಕೊಡಬಲ್ಲ. ನಿವೃತ್ತರ ಜೀವಿತ ಪ್ರಮಾಣಪತ್ರ, ಕೂಸುಗಳ ಆಧಾರ್ ಎಲ್ಲವೂ ಅವನ ಚೀಲದಲ್ಲಿವೆ. ಇಲಾಖೆಯ ಹೊಸ ತಂತ್ರಾಂಶವನ್ನು ಮೊದಲು ಪ್ರಯೋಗಿಸಿದ್ದು ಕರ್ನಾಟಕ ಅಂಚೆ ವೃತ್ತದಲ್ಲೇ, 2025ರ ಮೇ-ಜೂನ್‌ನಲ್ಲಿ. ಅದೇ ವರ್ಷದ ಆಗಸ್ಟ್‌ನಲ್ಲಿ ಪೇಮೆಂಟ್ಸ್ ಬ್ಯಾಂಕು ಮುಖ ನೋಡಿ ಗುರುತಿಸುವ ವ್ಯವಸ್ಥೆಯನ್ನೂ ತಂದಿತು. ಗೆರೆ ಸವೆದ ಬೆರಳುಗಳ ಊರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಅದು ಪ್ರತಿ ತಾಂಡಾಕ್ಕೂ ಮುಟ್ಟಬೇಕು, ತಾಂಡಾದವರಿಗೆ ಅದು ಇದೆಯೆಂದು ಗೊತ್ತೂ ಆಗಬೇಕು.

ನನ್ನ ತಕರಾರು ಯಂತ್ರದ ಮೇಲಲ್ಲ, ಯಂತ್ರ ಹಿಡಿದವನನ್ನು ನಡೆಸಿಕೊಳ್ಳುವ ರೀತಿಯ ಮೇಲೆ. ಹಳ್ಳಿಯ ಶಾಖಾ ಅಂಚೆ ಕಚೇರಿ ನಡೆಸುವವರು ಗ್ರಾಮೀಣ ಡಾಕ್ ಸೇವಕರು. ಲೆಕ್ಕಕ್ಕೆ ದಿನಕ್ಕೆ ನಾಲ್ಕು ಇಲ್ಲವೇ ಐದು ತಾಸಿನ ಕೆಲಸ. 2018ರಲ್ಲಿ ನಿಗದಿಯಾದ ಮೂಲ ಭತ್ಯೆ ಶಾಖಾ ಪೋಸ್ಟ್ ಮಾಸ್ತರನಿಗೆ 12,000 ಅಥವಾ 14,500 ರೂಪಾಯಿ, ಮೇಲೆ ತುಟ್ಟಿಭತ್ಯೆ. ಕಚೇರಿಗೆ ಜಾಗವನ್ನೂ ಅವನೇ ಒದಗಿಸಬೇಕು. ಹಾಗಾಗಿ ಎಷ್ಟೋ ಕಡೆ ಅಂಚೆ ಕಚೇರಿಯೆಂದರೆ ಅವನ ಮನೆಯ ಪಡಸಾಲೆ, ಒಂದು ಮೇಜು, ಗೋಡೆಗೊಂದು ಕೆಂಪು ಡಬ್ಬಿ. ಬ್ಯಾಂಕು, ವಿಮೆ, ಆಧಾರ್, ಪಾರ್ಸೆಲ್ಲು ಎಲ್ಲವನ್ನೂ ಹೊರಿಸಿ ಇನ್ನೂ ಅರೆಕಾಲಿಕ ಎನ್ನುವುದು ಅನ್ಯಾಯ. ಸಿಗ್ನಲ್ ಹುಡುಕಿ ಅವನು ಮಾಳಿಗೆ ಹತ್ತುವ ಹೊತ್ತು ಯಾವ ಲೆಕ್ಕದಲ್ಲೂ ಸೇರುವುದಿಲ್ಲ.

ಇನ್ನು ಗಳಿಕೆಯ ಮಾತು. ತಿಕೋಟಾ ಸುತ್ತಿನದು ದ್ರಾಕ್ಷಿ ಸೀಮೆ. ಬೇಸಿಗೆ ಬಂತೆಂದರೆ ಶೆಡ್ಡುಗಳ ಬಲೆಗಳ ಮೇಲೆ ಹಣ್ಣು ಒಣಗಿ ಮಣೂಕವಾಗುತ್ತದೆ. ಅದರಲ್ಲಿ ಬಹುಪಾಲು ಚೀಲಗಟ್ಟಲೆ ತಾಸಗಾಂವ್, ಸಾಂಗಲಿಯ ಪೇಟೆಗೆ ಹೋಗುತ್ತದೆ, ದರ ಅಲ್ಲಿಯವರು ಹೇಳಿದ್ದು. ಬೆಂಗಳೂರಿನಲ್ಲಿ ಮಾವು ಮಂಡಳಿಯೂ ಅಂಚೆ ಇಲಾಖೆಯೂ ಕೂಡಿ 2019ರಿಂದ ರೈತರ ಮಾವಿನಹಣ್ಣನ್ನು ಗ್ರಾಹಕರ ಮನೆಗೇ ಮುಟ್ಟಿಸಿದವು. ಗ್ರಾಹಕ ಆನ್‌ಲೈನ್‌ನಲ್ಲಿ ಆರ್ಡರ್ ಕೊಟ್ಟ, ಪೋಸ್ಟ್‌ಮ್ಯಾನ್ ಪೆಟ್ಟಿಗೆ ತಂದ. ಎರಡು ದಿನ ತಡವಾದರೆ ಮಾವು ಕೊಳೆಯುತ್ತದೆ, ಒಣದ್ರಾಕ್ಷಿಗೆ ಆ ಭಯವೂ ಇಲ್ಲ. ಒಂದು ಕಿಲೋ, ಎರಡು ಕಿಲೋ ಪೊಟ್ಟಣ ಕಟ್ಟಿ ಬೆಂಗಳೂರಿಗೋ ಪುಣೆಗೋ ಸ್ಪೀಡ್ ಪೋಸ್ಟ್ ಮಾಡಲು ಏನು ಅಡ್ಡಿ? ರೈತನಿಗೆ ನಾಲ್ಕು ಕಾಸು ಹೆಚ್ಚು, ಅಂಚೆಗೆ ಕಾಗದ ಬಿಟ್ಟುಹೋದ ಜಾಗದಲ್ಲಿ ಹೊಸ ಆದಾಯ.

ಅಂಚೆ ಇಲಾಖೆ, ತೋಟಗಾರಿಕೆ ಇಲಾಖೆ, ದ್ರಾಕ್ಷಿ ಬೆಳೆಗಾರರು ಒಂದೆಡೆ ಕೂತು ಮಾತಾಡಿದರೆ ಮುಂದಿನ ಸುಗ್ಗಿಯ ಹೊತ್ತಿಗೇ ತಿಕೋಟಾದಲ್ಲೊಂದು ಪಾರ್ಸೆಲ್ ಕೌಂಟರ್ ತೆರೆಯಬಹುದು. ಬಬಲೇಶ್ವರ ಅದರ ಹಿಂದೆಯೇ ಬರಲಿ. ಹಾಗೆ ತೆರೆಯುವಾಗ ಹಳ್ಳಿಯ ಪೋಸ್ಟ್ ಮಾಸ್ತರನಿಗೆ ಪೂರ್ಣಾವಧಿಯ ಕೆಲಸ, ಅದಕ್ಕೆ ತಕ್ಕ ಸಂಬಳ, ಗಟ್ಟಿ ನೆಟ್‌ವರ್ಕ್ ಮೊದಲು ಕೊಡಿ.