ಹಳೆಯ ಸ್ಕಿಡ್ ಸ್ಟಿಯರ್ ಲೋಡರಿನ ಹೈಡ್ರಾಲಿಕ್ ಚಾಲನೆ: ದೋಷ ಪತ್ತೆ ಮಾಡುವ ಕ್ರಮ

ಕೋಳಿ ಶೆಡ್ಡಿನ ಗೊಬ್ಬರ ತೆಗೆಯಲು, ದೊಡ್ಡ ಕೊಟ್ಟಿಗೆಗಳ ಸಗಣಿ ಬಾಚಲು, ಕಾಂಪೋಸ್ಟ್ ರಾಶಿ ಮಗುಚಲು ಸ್ಕಿಡ್ ಸ್ಟಿಯರ್ ಲೋಡರ್ ಎಂಬ ಗಿಡ್ಡ ಯಂತ್ರ ಬಹಳ ಅನುಕೂಲವಾದುದು. ಯಾವ ಕಂಪನಿಯದಾದರೂ ಜನ ಇದನ್ನು ‘ಬಾಬ್‌ಕ್ಯಾಟ್’ ಎಂದೇ ಕರೆಯುವುದು ವಾಡಿಕೆ. ಹೊಸದರ ಬೆಲೆ ಹೆಚ್ಚಾದುದರಿಂದ ಕಟ್ಟಡದ ಕೆಲಸದಲ್ಲಿ ದುಡಿದ ಹಳೆಯ ಯಂತ್ರವನ್ನು ಕೊಳ್ಳುವವರುಂಟು. ಅಂಥ ಯಂತ್ರದಲ್ಲಿ ‘ಒಂದು ಕಡೆ ಎಳೆಯುವುದಿಲ್ಲ’, ‘ಬಿಸಿಯಾದರೆ ನಿಂತುಬಿಡುತ್ತದೆ’ ಎಂಬ ದೂರುಗಳು ಸಾಮಾನ್ಯ. ಮೆಕ್ಯಾನಿಕ್ ‘ಪಂಪು ಹೋಗಿದೆ’ ಎಂದ ಕೂಡಲೇ ಪಂಪು ಬಿಚ್ಚಿಸುವುದು ತರವಲ್ಲ. ಇಡೀ ಯಂತ್ರದಲ್ಲಿ ಅತಿ ದುಬಾರಿ ಭಾಗಗಳಲ್ಲಿ ಅದೂ ಒಂದು. ಎಷ್ಟೋ ಸಲ ದೋಷ ಒಂದು ಕಟ್ಟಿಕೊಂಡ ಫಿಲ್ಟರಿನಲ್ಲಿಯೋ, ಕಿತ್ತುಹೋದ ಒಂದು ತಂತಿಯಲ್ಲಿಯೋ ಇರುತ್ತದೆ.

ಈ ಯಂತ್ರ ಹುಟ್ಟಿದ್ದೇ ಕೋಳಿ ಶೆಡ್ಡಿನ ಕೆಲಸಕ್ಕೆ ಎನ್ನಬಹುದು. 1957ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ರಾತ್ಸೇ ಎಂಬ ಊರಿನಲ್ಲಿ ಲೂಯಿಸ್ ಮತ್ತು ಸಿರಿಲ್ ಕೆಲ್ಲರ್ ಎಂಬ ಅಣ್ಣ ತಮ್ಮಂದಿರು ಟರ್ಕಿ ಕೋಳಿ ಸಾಕುವ ರೈತನೊಬ್ಬನಿಗಾಗಿ, ಶೆಡ್ಡಿನ ಕಂಬಗಳ ನಡುವೆ ತಿರುಗಬಲ್ಲ ಮೂರು ಚಕ್ರದ ಲೋಡರನ್ನು ತಯಾರಿಸಿದರು. ಮೆಲ್ರೋ ಕಂಪನಿ ಅದನ್ನು ತನ್ನದಾಗಿಸಿಕೊಂಡು 1960ರಲ್ಲಿ ನಾಲ್ಕು ಚಕ್ರದ ಮಾದರಿಯನ್ನು ಹೊರತಂದಿತು. ಆಗ ಚಕ್ರಗಳಿಗೆ ಶಕ್ತಿ ಹೋಗುತ್ತಿದ್ದುದು ಕ್ಲಚ್ಚುಗಳ ಮೂಲಕ. ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ಹೈಡ್ರೋಸ್ಟಾಟಿಕ್ ಪದ್ಧತಿ ಬಂದುದು ಅನಂತರ.

ಚಾಲನೆ ನಡೆಯುವ ರೀತಿ

ಎಂಜಿನ್ನಿಗೆ ಎರಡು ಪಿಸ್ಟನ್ ಪಂಪುಗಳು ಜೋಡಿಸಿರುತ್ತವೆ; ಎಡಗಡೆಯ ಚಕ್ರಗಳಿಗೆ ಒಂದು, ಬಲಗಡೆಗೆ ಒಂದು. ಲಿವರನ್ನು ಮುಂದಕ್ಕೆ ತಳ್ಳಿದಾಗ ಪಂಪಿನೊಳಗಿನ ತಟ್ಟೆಯೊಂದು ಓರೆಯಾಗುತ್ತದೆ, ಪಿಸ್ಟನ್ನುಗಳು ಎಣ್ಣೆಯನ್ನು ಆ ಕಡೆಯ ಮೋಟರಿಗೆ ನೂಕುತ್ತವೆ. ಲಿವರನ್ನು ಹಿಂದಕ್ಕೆ ಎಳೆದರೆ ತಟ್ಟೆ ಇನ್ನೊಂದು ಕಡೆಗೆ ಓರೆಯಾಗಿ, ಎಣ್ಣೆ ಹಿಮ್ಮುಖವಾಗಿ ಹರಿಯುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಮೋಟರಿನಿಂದ ಸರಪಳಿಗಳ ಮೂಲಕ ಆ ಕಡೆಯ ಎರಡೂ ಚಕ್ರಗಳು ತಿರುಗುತ್ತವೆ. ಇದಕ್ಕೆ ಸ್ಟಿಯರಿಂಗ್ ಇಲ್ಲ. ಒಂದು ಕಡೆಯ ಚಕ್ರ ಜೋರಾಗಿ, ಇನ್ನೊಂದು ಕಡೆಯವು ನಿಧಾನವಾಗಿ ಅಥವಾ ಹಿಂದಕ್ಕೆ ತಿರುಗಿದಾಗ ಯಂತ್ರ ನೆಲವನ್ನು ಉಜ್ಜಿಕೊಂಡು ಹೊರಳುತ್ತದೆ. ಆದುದರಿಂದ ತಿರುವಿನಲ್ಲಿಯೇ ಚಾಲನೆಯ ಮೇಲೆ ಅತಿ ಹೆಚ್ಚು ಭಾರ ಬೀಳುವುದು.

ಪಂಪಿನಿಂದ ಮೋಟರಿಗೆ ಹೋದ ಎಣ್ಣೆ ಟ್ಯಾಂಕಿಗೆ ಬಾರದೆ ನೇರವಾಗಿ ಪಂಪಿಗೇ ಮರಳುವುದು. ಈ ಮುಚ್ಚಿದ ಸುತ್ತಿನಲ್ಲಿ ಒತ್ತಡ ಚದರ ಸೆಂ.ಮೀ.ಗೆ 200ರಿಂದ 350 ಕಿ.ಗ್ರಾಂವರೆಗೆ ಏರಬಹುದು. ಟ್ರ್ಯಾಕ್ಟರಿನ ಹಿಂದಿನ ಟೈರಿನ ಗಾಳಿಯ ಒತ್ತಡ ಸುಮಾರು 1ರಿಂದ 1.5 ಕಿ.ಗ್ರಾಂ ಎಂಬುದನ್ನು ನೆನೆದರೆ ಇದರ ಬಲ ತಿಳಿಯುತ್ತದೆ. ಇಷ್ಟು ಒತ್ತಡದಲ್ಲಿ ಸ್ವಲ್ಪ ಎಣ್ಣೆ ಭಾಗಗಳ ಸಂದಿಯಲ್ಲಿ ಸೋರಿ ಕೇಸ್ ಡ್ರೇನ್ ಎಂಬ ಪೈಪಿನ ಮೂಲಕ ಟ್ಯಾಂಕಿಗೆ ಹೋಗುವುದು ಸಹಜ. ಹೀಗೆ ಕಳೆದುಕೊಂಡದ್ದನ್ನು ತುಂಬಲು ಚಾರ್ಜ್ ಪಂಪು ಎಂಬ ಚಿಕ್ಕ ಪಂಪು ಸಾಮಾನ್ಯವಾಗಿ 10ರಿಂದ 25 ಕಿ.ಗ್ರಾಂ ಒತ್ತಡದಲ್ಲಿ ಎಣ್ಣೆಯನ್ನು ಒದಗಿಸುತ್ತಿರುತ್ತದೆ. ಸೋರಿಕೆ ಹೆಚ್ಚಾದರೆ ಅಥವಾ ಚಾರ್ಜ್ ಒತ್ತಡ ಕಡಿಮೆಯಾದರೆ ಚಾಲನೆ ಸೋಲುತ್ತದೆ. ಮುಂದೆ ಹೇಳುವ ಬಹುಪಾಲು ಪರೀಕ್ಷೆಗಳು ಈ ಎರಡು ಸಂಗತಿಗಳನ್ನು ಅವಲಂಬಿಸಿವೆ. ಭತ್ತ ಕೊಯ್ಯುವ ಅನೇಕ ಹಾರ್ವೆಸ್ಟರುಗಳ ಓಟದ ಚಾಲನೆಯೂ ಇದೇ ಬಗೆಯದು.

ಕೈ ಹಾಕುವ ಮುನ್ನ

ಲೋಡರಿನ ತೋಳುಗಳನ್ನು ನೆಲಕ್ಕೆ ಇಳಿಸಬೇಕು. ಎತ್ತಿದ್ದಾಗಲೇ ಕೆಲಸ ಮಾಡಬೇಕಾದರೆ ಕಂಪನಿ ಕೊಟ್ಟ ಆಧಾರದ ಕಬ್ಬಿಣವನ್ನು ಕಡ್ಡಾಯವಾಗಿ ಕೂರಿಸಬೇಕು. ಎತ್ತಿದ ತೋಳಿನ ಕೆಳಗೆ ಎಣ್ಣೆಯ ಪೈಪು ಸಡಿಲಿಸುವುದು ಜೀವಕ್ಕೆ ಅಪಾಯ.

ಸೋರಿಕೆಯನ್ನು ಕೈಯಿಂದ ಸವರಿ ಹುಡುಕಕೂಡದು. ಕೂದಲಿನಷ್ಟು ಸಣ್ಣ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಸೀಳಿ ಒಳಹೋಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಂಥ ಗುರುತು ಮಾತ್ರ, ಮೊದಲಿಗೆ ನೋವೂ ಅಷ್ಟಾಗಿ ಇರದು. ಆದರೆ ಒಳಗಿನ ಮಾಂಸ ಕೊಳೆತು ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು. ಹೀಗಾದಲ್ಲಿ ಮನೆಮದ್ದು ಮಾಡದೆ ತಕ್ಷಣ ಶಸ್ತ್ರಚಿಕಿತ್ಸೆಯ ಸೌಕರ್ಯವುಳ್ಳ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆಯೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಸೋರಿಕೆ ನೋಡಲು ರಟ್ಟಿನ ತುಂಡೊಂದನ್ನು ಕೋಲಿಗೆ ಸಿಕ್ಕಿಸಿ ಹಿಡಿದರೆ ಸಾಕು.

ಖರ್ಚಿಲ್ಲದ ತಪಾಸಣೆ ಮೊದಲು

ತೋಳು ಇಳಿಸಿ, ಸಮನಾದ ನೆಲದಲ್ಲಿ ನಿಲ್ಲಿಸಿ ಎಣ್ಣೆಯ ಮಟ್ಟ ನೋಡಬೇಕು. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ನೊರೆ ಇದ್ದು ಪಂಪು ಕೀರಲು ದನಿ ಮಾಡುತ್ತಿದ್ದರೆ ಎಣ್ಣೆ ಎಳೆದುಕೊಳ್ಳುವ ಪೈಪಿನ ಕಡೆ ಗಾಳಿ ಸೇರುತ್ತಿದೆ. ಕ್ಲಿಪ್ಪುಗಳನ್ನು ಬಿಗಿ ಮಾಡಿ, ಪೈಪು ಒಳಕ್ಕೆ ಕುಗ್ಗುತ್ತಿದೆಯೇ ನೋಡಬೇಕು. ಯಂತ್ರ ನೇರವಾಗಿ ಹೋಗದೆ ಒಂದು ಕಡೆಗೆ ಎಳೆದರೆ ಟೈರುಗಳ ಗಾಳಿ ಮತ್ತು ಅಳತೆ ನೋಡುವುದು ಮೊದಲ ಕೆಲಸ. ಒಂದು ಕಡೆ ಹೊಸ ಟೈರು, ಇನ್ನೊಂದು ಕಡೆ ಸವೆದದ್ದು ಇದ್ದರೆ ಯಾವ ಪಂಪೂ ಅದನ್ನು ಸರಿಪಡಿಸಲಾರದು. ನ್ಯೂಟ್ರಲಿನಲ್ಲಿ ಯಂತ್ರ ತಾನಾಗಿ ತೆವಳುತ್ತಿದ್ದರೆ ಲಿವರಿನ ಕೊಂಡಿಗಳ ಹೊಂದಾಣಿಕೆ ತಪ್ಪಿರುವುದೇ ಸಾಮಾನ್ಯ ಕಾರಣ.

ಎರಡೂ ಕಡೆ ಚಲಿಸದಿದ್ದರೆ ಲೋಡರಿನ ತೋಳು ಎತ್ತಿ ನೋಡಬೇಕು. ತೋಳೂ ಏಳದಿದ್ದರೆ ಎಣ್ಣೆ ಕಡಿಮೆ ಇರಬಹುದು, ಇಲ್ಲವೇ ಎಂಜಿನ್ನಿಗೂ ಪಂಪಿಗೂ ನಡುವಿನ ಬೆಲ್ಟು ಅಥವಾ ಕಪ್ಲಿಂಗ್ ತುಂಡಾಗಿರಬಹುದು. ತೋಳು ಚೆನ್ನಾಗಿ ಎದ್ದು ಚಕ್ರ ಮಾತ್ರ ತಿರುಗದಿದ್ದರೆ ಮೊದಲ ಅನುಮಾನ ಪಾರ್ಕಿಂಗ್ ಬ್ರೇಕು ಮತ್ತು ಸುರಕ್ಷಾ ಸ್ವಿಚ್ಚುಗಳ ಮೇಲೆ. ಹಲವು ಮಾದರಿಗಳಲ್ಲಿ ಸೀಟಿನ ಮುಂದಿನ ಕಂಬಿ ಇಳಿಸದೆ ಬ್ರೇಕು ಬಿಡುವುದಿಲ್ಲ. ಇಲಿ ಕಡಿದ ತಂತಿ, ಗೊಬ್ಬರದ ತೇವಕ್ಕೆ ಕಿಲುಬು ಹಿಡಿದ ಕನೆಕ್ಟರ್ ಇಂಥ ಕಡೆ ಬಹಳ. ಅವನ್ನು ಸರಿಪಡಿಸಬೇಕೇ ಹೊರತು ಸ್ವಿಚ್ಚನ್ನು ತಂತಿ ಸುತ್ತಿ ನೇರ ಮಾಡಿಬಿಡುವುದು ತಪ್ಪು. ಹಳೆಯ ಯಂತ್ರಗಳಲ್ಲಿ ಹಿಂದಿನ ಮಾಲೀಕ ಹೀಗೆ ಮಾಡಿಟ್ಟಿರುವುದೂ ಉಂಟು.

ಎಂಜಿನ್ನಿನ ದನಿ ಹೇಳುವುದೇನು?

ಗೇಜು ಇಲ್ಲದೆಯೇ ಮಾಡಬಹುದಾದ ಉತ್ತಮ ಪರೀಕ್ಷೆ ಇದು. ಒಣಗಿದ ಗಟ್ಟಿ ನೆಲದಲ್ಲಿ ಬಕೆಟ್ಟನ್ನು ಮಣ್ಣಿನ ದೊಡ್ಡ ರಾಶಿಗೆ ಒತ್ತಿ ನಿಧಾನವಾಗಿ ಮುಂದಕ್ಕೆ ನೂಕಬೇಕು. ಚಕ್ರಗಳು ಜಾರಿ ತಿರುಗಿದರೆ ಚಾಲನೆಗೆ ಬಲವಿದೆ. ಚಕ್ರ ನಿಂತು ಎಂಜಿನ್ನಿನ ದನಿ ಕುಗ್ಗಿ ಕಪ್ಪು ಹೊಗೆ ಬಂದರೆ, ಪಂಪುಗಳು ಭಾರ ಹೊರುತ್ತಿವೆ, ಸೋಲುತ್ತಿರುವುದು ಎಂಜಿನ್. ಆಗ ನೋಡಬೇಕಾದುದು ಗಾಳಿಯ ಫಿಲ್ಟರು, ಡೀಸೆಲ್ ಫಿಲ್ಟರು. ಚಕ್ರ ನಿಂತರೂ ಎಂಜಿನ್ನಿನ ದನಿ ಕುಗ್ಗದೆ ಹಾಗೆಯೇ ಓಡುತ್ತಿದ್ದರೆ ಎಣ್ಣೆ ಒಳಗೇ ಜಾರಿಹೋಗುತ್ತಿದೆ ಎಂದರ್ಥ. ದೋಷ ಹೈಡ್ರಾಲಿಕ್ ಭಾಗದಲ್ಲಿದೆ. ಈ ಪರೀಕ್ಷೆಯನ್ನು ಕೆಲವೇ ಸೆಕೆಂಡು ಮಾಡಬೇಕು. ಹೆಚ್ಚು ಹೊತ್ತು ಹಿಡಿದರೆ ಎಣ್ಣೆ ಬಹುಬೇಗ ಕಾಯುತ್ತದೆ.

ಬೆಳಿಗ್ಗೆ ಚೆನ್ನಾಗಿ ನಡೆದು ಒಂದೆರಡು ಗಂಟೆಯ ನಂತರ ಸೋಲುವ ಯಂತ್ರದಲ್ಲಿ ಒಳಗಿನ ಸವೆತ ಇರುವ ಸಂಭವ ಹೆಚ್ಚು. ಬಿಸಿ ಎಣ್ಣೆ ತೆಳ್ಳಗಾಗಿ ಸವೆದ ಸಂದಿಯಲ್ಲಿ ಬೇಗ ಸೋರುತ್ತದೆ. ಆದರೂ ತೀರ್ಮಾನಕ್ಕೆ ಬರುವ ಮೊದಲು ಆಯಿಲ್ ಕೂಲರನ್ನು ನೋಡಲೇಬೇಕು. ಕೋಳಿ ಪುಕ್ಕ, ಭತ್ತದ ಹೊಟ್ಟು, ಒಣ ಗೊಬ್ಬರದ ಪುಡಿ ಕೂಲರಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತಿರುತ್ತವೆ. ಅದನ್ನು ಗಾಳಿ ಹೊಡೆದು ಚೊಕ್ಕಟ ಮಾಡಿ, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆ ಹಾಕಿದ ಮೇಲೂ ಸೋಲುತ್ತಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಪಂಪೋ, ಮೋಟರೋ, ವಾಲ್ವೋ?

ಒಂದು ಕಡೆ ಮುಂದಕ್ಕೆ ಮಾತ್ರ ಬಲವಿಲ್ಲ, ಹಿಂದಕ್ಕೆ ಸರಿಯಾಗಿದೆ ಎನ್ನೋಣ. ಮುಂದಕ್ಕೂ ಹಿಂದಕ್ಕೂ ದುಡಿಯುವುದು ಅದೇ ಪಂಪು, ಅದೇ ಮೋಟರು. ಅವು ಸವೆದಿದ್ದರೆ ಎರಡು ದಿಕ್ಕಿನಲ್ಲಿಯೂ ಸೋಲಬೇಕಾಗಿತ್ತು. ಆದರೆ ಒತ್ತಡ ಮಿತಿಮೀರದಂತೆ ಕಾಯುವ ರಿಲೀಫ್ ವಾಲ್ವು ಒಂದೊಂದು ದಿಕ್ಕಿಗೆ ಬೇರೆಬೇರೆ ಇರುತ್ತದೆ. ಅದರ ಬಾಯಿಗೆ ಒಂದು ಕಸದ ಚೂರು ಸಿಕ್ಕಿದರೂ ಆ ದಿಕ್ಕಿನ ಬಲ ಹೋಗುತ್ತದೆ. ಎರಡು ವಾಲ್ವುಗಳೂ ಒಂದೇ ಬಗೆಯವಾಗಿದ್ದರೆ ಅದಲು ಬದಲು ಮಾಡಿ ನೋಡಬೇಕು. ದೋಷ ಮುಂದಿನಿಂದ ಹಿಂದಕ್ಕೆ ಹೋದರೆ ವಾಲ್ವೇ ಕೆಟ್ಟಿದೆ. ಲಕ್ಷ ರೂಪಾಯಿಯ ಮಾತು ಒಂದು ವಾಲ್ವಿನಲ್ಲಿ ಮುಗಿಯುವ ಸಂದರ್ಭ ಇದು.

ಒಂದೇ ಕಡೆ, ಎರಡು ದಿಕ್ಕಿಗೂ ಬಲವಿಲ್ಲದಿದ್ದರೆ ಮೊದಲು ಸರಪಳಿ ಮತ್ತು ಬ್ರೇಕು. ಯಂತ್ರವನ್ನು ಭದ್ರವಾದ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ನಾಲ್ಕು ಚಕ್ರವೂ ನೆಲ ಬಿಟ್ಟಿರುವಂತೆ ಮಾಡಿ, ನಿಧಾನವಾಗಿ ಓಡಿಸಿ ನೋಡಬೇಕು. ಯಾರೂ ಹತ್ತಿರ ನಿಲ್ಲಬಾರದು. ಆ ಕಡೆಯ ಎರಡು ಚಕ್ರಗಳಲ್ಲಿ ಒಂದೇ ತಿರುಗಿದರೆ ಸರಪಳಿ ತುಂಡಾಗಿದೆ. ಸರಪಳಿ ಸರಿಯಿದ್ದಲ್ಲಿ, ಎರಡು ಕಡೆಯ ಮೋಟರುಗಳಿಗೆ ಬರುವ ಹೋಸ್ ಪೈಪುಗಳನ್ನು ಅದಲು ಬದಲು ಮಾಡುವುದು ಮೆಕ್ಯಾನಿಕ್ಕುಗಳ ಹಳೆಯ ಉಪಾಯ. ಆಗ ಎಡ ಪಂಪು ಬಲಚಕ್ರಗಳನ್ನು ತಿರುಗಿಸುತ್ತದೆ. ಬಲಹೀನತೆ ಮೊದಲಿದ್ದ ಚಕ್ರಗಳಲ್ಲಿಯೇ ಉಳಿದರೆ ಮೋಟರು, ಇನ್ನೊಂದು ಕಡೆಗೆ ದಾಟಿದರೆ ಪಂಪು. ಪೈಪುಗಳ ಉದ್ದ ಸಾಕಾಗದಿದ್ದರೆ ಇದನ್ನು ಮಾಡಬಾರದು. ಲಿವರುಗಳ ವರ್ತನೆ ತಿರುವುಮುರುವಾಗುವುದರಿಂದ ಈ ಪರೀಕ್ಷೆಗೆ ಬಯಲು ಜಾಗ ಬೇಕು.

ಇನ್ನೊಂದು ಪರೀಕ್ಷೆ ಕೇಸ್ ಡ್ರೇನ್ ಎಣ್ಣೆಯನ್ನು ಅಳೆಯುವುದು. ಎಣ್ಣೆ ಬಿಸಿಯಾದ ಮೇಲೆ ಮೋಟರಿನ ಡ್ರೇನ್ ಪೈಪನ್ನು ಶುದ್ಧವಾದ ಡಬ್ಬಿಗೆ ತಿರುಗಿಸಿ, ಒಂದು ನಿಮಿಷದಲ್ಲಿ ಎಷ್ಟು ಬಂತೆಂದು ಎರಡೂ ಕಡೆ ಒಂದೇ ವೇಗದಲ್ಲಿ, ಒಂದೇ ಭಾರದಲ್ಲಿ ಹೋಲಿಸಬೇಕು. ಬಹಳ ಹೆಚ್ಚು ಬರುವ ಕಡೆಯ ಮೋಟರು ಸವೆದಿದೆ. ಡ್ರೇನ್ ಪೈಪನ್ನು ಎಂದೂ ಮುಚ್ಚಬಾರದು, ಮುಚ್ಚಿದರೆ ಒತ್ತಡ ಏರಿ ಆಯಿಲ್ ಸೀಲ್ ಹೊರಗೆ ಹಾರುತ್ತದೆ.

ಎರಡೂ ಕಡೆ ಸಮನಾಗಿ ಸೋತಿದ್ದರೆ ಚಾರ್ಜ್ ಒತ್ತಡವನ್ನು ಗೇಜಿನಿಂದ ಅಳೆಯದೆ ಪಂಪಿಗೆ ಕೈ ಹಾಕಬಾರದು. ಎರಡು ಪಂಪುಗಳೂ ಒಂದೇ ದಿನ ಕೆಡುವುದು ಅಪರೂಪ. ಎರಡಕ್ಕೂ ಸಾಮಾನ್ಯವಾದ ಫಿಲ್ಟರು, ಎಣ್ಣೆ, ಚಾರ್ಜ್ ಪಂಪು ಇವುಗಳಲ್ಲಿ ಒಂದು ಕೆಟ್ಟಿರುವುದೇ ಹೆಚ್ಚು.

ಹೊಸ ಪಂಪು ಹಾಕಿದರೂ ಮತ್ತೆ ಕೆಡುವುದೇಕೆ?

ಪಂಪು ದುರಸ್ತಿ ಮಾಡಿಸಿ ಕೆಲವೇ ದಿನಗಳಲ್ಲಿ ಮತ್ತೆ ಕೆಟ್ಟು, ಹಣ ಎರಡು ಸಲ ಹೋಗುವುದಕ್ಕೆ ಕಾರಣ ಮುಚ್ಚಿದ ಸುತ್ತು. ಪಂಪಿನೊಳಗಿನ ಸಂದಿಗಳು ಕೆಲವೇ ಮೈಕ್ರಾನ್ ಅಗಲ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಪಂಪು ಒಡೆದಾಗ ಉದುರಿದ ಲೋಹದ ಪುಡಿ ಟ್ಯಾಂಕಿಗಾಗಲಿ ಫಿಲ್ಟರಿಗಾಗಲಿ ಪೂರ್ತಿಯಾಗಿ ಹೋಗದೆ ಪೈಪಿನಲ್ಲಿ, ಮೋಟರಿನಲ್ಲಿ ಕೂತಿರುತ್ತದೆ. ಹೊಸ ಪಂಪು ಓಡಿದ ಮೊದಲ ಕ್ಷಣದಿಂದಲೇ ಅದೇ ಪುಡಿ ಅದರೊಳಕ್ಕೆ ಮರಳುತ್ತದೆ. ಆದುದರಿಂದ ಪಂಪಿನ ಜೊತೆಗೆ ಮೋಟರನ್ನೂ ಬಿಚ್ಚಿ ತೊಳೆದು, ಹೋಸ್ ಪೈಪುಗಳನ್ನು ತೊಳೆದು ಅಥವಾ ಬದಲಿಸಿ, ಕೂಲರ್, ಟ್ಯಾಂಕುಗಳನ್ನು ಶುದ್ಧಿ ಮಾಡಿ, ಹೊಸ ಎಣ್ಣೆ, ಹೊಸ ಫಿಲ್ಟರು ಹಾಕಬೇಕು. ಹೊಸ ಪಂಪಿನ ಕೇಸಿಗೆ ಶುದ್ಧ ಎಣ್ಣೆ ತುಂಬಿಸಿದ ಮೇಲೆಯೇ ಎಂಜಿನ್ ಚಾಲೂ ಮಾಡಬೇಕು. ಒಣಗಿದ ಪಂಪು ಒಂದೇ ನಿಮಿಷದಲ್ಲಿ ಗೀರು ಬೀಳಬಹುದು. ಬಿಚ್ಚಿದ ಪೈಪುಗಳ ಬಾಯಿಗೆ ಹಳೆಯ ಬಟ್ಟೆ ತುರುಕುವುದು ಕೆಟ್ಟ ಅಭ್ಯಾಸ. ಅದರ ನೂಲೇ ವಾಲ್ವಿಗೆ ಸಿಕ್ಕುತ್ತದೆ. ಶುದ್ಧವಾದ ಮುಚ್ಚಳಗಳನ್ನು ಹಾಕಬೇಕು.

ತೆಗೆದ ಫಿಲ್ಟರನ್ನು ಎಸೆಯದೆ ಕತ್ತರಿಸಿ ನೋಡುವುದು ಒಳ್ಳೆಯದು. ಹಿತ್ತಾಳೆಯಂತೆ ಹೊಳೆಯುವ ಪುಡಿ ಪಿಸ್ಟನ್ ಪಂಪು ಅಥವಾ ಮೋಟರಿನ ಸವೆತವನ್ನೂ, ಅಯಸ್ಕಾಂತಕ್ಕೆ ಅಂಟುವ ಪುಡಿ ಬೇರಿಂಗು ಮುಂತಾದ ಉಕ್ಕಿನ ಭಾಗಗಳ ಸವೆತವನ್ನೂ, ಕಪ್ಪು ರಬ್ಬರಿನ ಚೂರುಗಳು ಸೀಲ್ ಅಥವಾ ಹೋಸ್ ಪೈಪಿನ ಒಳಪದರ ಕಳಚುತ್ತಿರುವುದನ್ನೂ ತಿಳಿಸುತ್ತವೆ.

ಕೊಳ್ಳುವ ಮೊದಲು

ಮಾರುವವರು ಯಂತ್ರವನ್ನು ಬಿಸಿ ಮಾಡಿಟ್ಟಿರಬಾರದು; ತಣ್ಣಗಿರುವಾಗ ಹೋಗಿ ಚಾಲೂ ಮಾಡಿಸಬೇಕು. ಅನಂತರ ಬಕೆಟ್ಟು ತುಂಬಿಸಿ ಕನಿಷ್ಠ ಒಂದು ಗಂಟೆ ದುಡಿಸಿ, ಬಿಸಿಯಾದ ಮೇಲೆ ನಿಂತಲ್ಲೇ ಎರಡು ದಿಕ್ಕಿಗೂ ಹೊರಳಿಸಿ ನೋಡಬೇಕು. ಹತ್ತು ನಿಮಿಷದ ಓಡಾಟದಲ್ಲಿ ಸವೆದ ಪಂಪು ತನ್ನ ಗುಟ್ಟು ಬಿಡುವುದಿಲ್ಲ. ಗಂಟೆ ತೋರಿಸುವ ಮೀಟರಿಗಿಂತ ಪೆಡಲಿನ ಸವೆತ, ತೋಳಿನ ಪಿನ್ನುಗಳ ಸಡಿಲ ಹೆಚ್ಚು ನಂಬಲರ್ಹ. ಆ ಮಾದರಿಯ ಕೈಪಿಡಿಯನ್ನು ಕೇಳಿ ಪಡೆಯಬೇಕು. ಒತ್ತಡದ ಮತ್ತು ಡ್ರೇನ್ ಎಣ್ಣೆಯ ಮಿತಿಗಳು ಮಾದರಿಯಿಂದ ಮಾದರಿಗೆ ಬೇರೆಯಾಗಿರುತ್ತವೆ. ಕೆಟ್ಟು ನಿಂತ ಲೋಡರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ದೂರ ಎಳೆಸಬಾರದು. ಚಕ್ರ ತಿರುಗಿದಂತೆ ಮೋಟರು ಎಣ್ಣೆಯ ಪೂರೈಕೆಯಿಲ್ಲದೆ ತಿರುಗಿ ಕೆಡುತ್ತದೆ. ಲಾರಿಯ ಮೇಲೆ ಹೇರಿಯೇ ಸಾಗಿಸಬೇಕು.